ಮನೆಯ ತೊಟ್ಟಿಯಿಂದ ಊರ ಕೆರೆಗೆ: ಕೆಂಪುಕಿವಿಯ ಆಮೆ

ಸಾಕುಪ್ರಾಣಿಗಳ ಅಂಗಡಿಯಲ್ಲಿ, ಗಾಜಿನ ತೊಟ್ಟಿಯೊಳಗೆ ಕೈಕಾಲು ಬಡಿಯುತ್ತ ಈಜುವ ಹಸಿರು ಚಿಪ್ಪಿನ ಆಮೆಮರಿಯನ್ನು ಕಾಣದ ನಗರವಾಸಿಗಳು ವಿರಳ. ಕಣ್ಣಿನ ಹಿಂದೆ ಕುಂಕುಮ ಎಳೆದಂತೆ ಕೆಂಪು ಪಟ್ಟಿ. ಉದ್ದ ಹೆಚ್ಚೆಂದರೆ ಮೂರು ಸೆಂಟಿಮೀಟರ್. ಮನೆಯಲ್ಲಿ ಆಮೆಯಿದ್ದರೆ ಅದೃಷ್ಟ ಒಲಿಯುತ್ತದೆಂಬ ನಂಬಿಕೆಯೂ ಇದರ ಮಾರಾಟಕ್ಕೆ ನೆರವಾಗಿದೆ. ಕೊಳ್ಳುವವರಿಗೆ ಸಾಮಾನ್ಯವಾಗಿ ತಿಳಿಯದ ಸಂಗತಿಗಳು ಎರಡು. ಈ ಮರಿ ಬೆಳೆದು ಊಟದ ತಟ್ಟೆಯಷ್ಟು ದೊಡ್ಡದಾಗಬಲ್ಲದು. ಸರಿಯಾಗಿ ನೋಡಿಕೊಂಡರೆ ಮೂವತ್ತು ವರ್ಷ ಬದುಕಬಲ್ಲದು.

ಇದರ ಇಂಗ್ಲಿಷ್ ಹೆಸರು ರೆಡ್ ಇಯರ್ಡ್ ಸ್ಲೈಡರ್. ವೈಜ್ಞಾನಿಕ ನಾಮ ಟ್ರಾಕೆಮಿಸ್ ಸ್ಕ್ರಿಪ್ಟಾ ಎಲೆಗನ್ಸ್. ಅಮೆರಿಕದ ಮಿಸಿಸಿಪಿ ನದಿಯ ಕಣಿವೆ ಮತ್ತು ಮೆಕ್ಸಿಕೊದ ಈಶಾನ್ಯ ಭಾಗ ಇದರ ತವರು. ಹೆಸರಿನಲ್ಲಿ ಕಿವಿಯಿದ್ದರೂ ಆಮೆಗೆ ಹೊರಗಿವಿ ಇರುವುದಿಲ್ಲ. ನೀರಿನಲ್ಲಿ ಬಿದ್ದ ದಿಮ್ಮಿಯ ಮೇಲೆ ಬಿಸಿಲಿಗೆ ಮೈಕಾಯಿಸುತ್ತ ಕುಳಿತು, ಸದ್ದಾದೊಡನೆ ನೀರಿಗೆ ಜಾರಿಬಿಡುವುದರಿಂದ 'ಸ್ಲೈಡರ್' ಎಂಬ ಹೆಸರು ಬಂದಿದೆ.

ತವರಿನಲ್ಲಿ ನಿಷೇಧ, ಹೊರಗೆ ರಫ್ತು

ಅಮೆರಿಕದಲ್ಲಿ ಈ ಮರಿಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ತಗಲುತ್ತಿರುವುದು ಖಚಿತವಾದ ಬಳಿಕ, 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ಅಲ್ಲಿನ ಸರ್ಕಾರ ನಿಷೇಧಿಸಿತು. ಆದರೆ ರಫ್ತಿಗೆ ಅಡ್ಡಿಯಿರಲಿಲ್ಲ. ಸ್ವದೇಶದ ಮಕ್ಕಳಿಗೆ ಅಪಾಯಕಾರಿ ಎನಿಸಿದ ಮರಿಗಳು ಪರದೇಶದ ಮಕ್ಕಳಿಗಾಗಿ ವಿಮಾನವೇರಿದವು. 1989ರಿಂದ 1997ರವರೆಗಿನ ಅವಧಿಯಲ್ಲಿ ಹೀಗೆ ಹೊರಹೋದ ಆಮೆಗಳ ಸಂಖ್ಯೆ 5.2 ಕೋಟಿಗೂ ಅಧಿಕ.

1997ರಲ್ಲಿ ಐರೋಪ್ಯ ಒಕ್ಕೂಟವು ಆಮದನ್ನು ನಿಷೇಧಿಸಿತು. ನಿಷೇಧ ಕೆಂಪು ಪಟ್ಟಿಯ ಆಮೆಗೆ ಮಾತ್ರ ಅನ್ವಯಿಸಿದ್ದರಿಂದ, ವ್ಯಾಪಾರಿಗಳು ಅದೇ ಪ್ರಭೇದದ ಹಳದಿ ಹೊಟ್ಟೆಯ ಉಪಪ್ರಭೇದವನ್ನು ಮಾರತೊಡಗಿದರು. ಇಡೀ ಪ್ರಭೇದವೇ ಒಕ್ಕೂಟದ ನಿರ್ಬಂಧಿತ ಪಟ್ಟಿಗೆ ಸೇರಿದ್ದು 2016ರಲ್ಲಿ. ಅಷ್ಟರೊಳಗೆ ಆಮೆಗಳು ಹೊಳೆ ಸೇರಿಯಾಗಿತ್ತು.

ಕರುಣೆಯಿಂದ ಆಗುವ ಕೇಡು

ಆಮೆಯನ್ನು ಕೆರೆಗೆ ಬಿಡುವವರು ದುಷ್ಟರಲ್ಲ. ತೊಟ್ಟಿ ಸಾಲದಾಗುತ್ತದೆ, ನೀರು ನಾರುತ್ತದೆ, ಮಕ್ಕಳ ಆಸಕ್ತಿ ತಗ್ಗುತ್ತದೆ, ಮನೆ ಬದಲಾಗುತ್ತದೆ. ಕೊಲ್ಲಲು ಮನಸ್ಸು ಬಾರದು. ಆಗ ಸ್ವಾತಂತ್ರ್ಯ ಕೊಟ್ಟೆವೆಂಬ ಸಮಾಧಾನದಿಂದ ಹತ್ತಿರದ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು ಕೈಮುಗಿದು ಬರುತ್ತಾರೆ. ಗುವಾಹಟಿಯಲ್ಲಿ ಈ ಆಮೆ ಪತ್ತೆಯಾದ ಸ್ಥಳಗಳಲ್ಲಿ ಉಗ್ರತಾರಾ ದೇವಾಲಯದ ಕೊಳವೂ ಒಂದು ಎಂಬುದು ಆಕಸ್ಮಿಕವೇನಲ್ಲ.

ಕೆರೆಯಲ್ಲಿ ಇದು ಸಾಯುವುದೂ ಅಪರೂಪ. ಜಲಸಸ್ಯ, ಬಸವನಹುಳು, ಕೀಟ, ಮೀನು, ಗೊದಮೊಟ್ಟೆ, ಕೊಳೆತ ಮಾಂಸ ಯಾವುದಾದರೂ ಇದಕ್ಕೆ ಆಹಾರವೇ. ಕೊಳಚೆ ನೀರನ್ನೂ ತಾಳಿಕೊಳ್ಳುತ್ತದೆ. ಹೆಣ್ಣು ವರ್ಷಕ್ಕೆ ಹಲವು ಬಾರಿ ದಡದ ಮಣ್ಣಿನಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತದೆ. ಮರಿ ಹೆಣ್ಣೋ ಗಂಡೋ ಎಂಬುದು ಮಣ್ಣಿನ ಶಾಖವನ್ನು ಅವಲಂಬಿಸಿದೆ. ಸುಮಾರು 26 ಡಿಗ್ರಿಯಲ್ಲಿ ಕಾವು ಪಡೆದ ಮೊಟ್ಟೆಗಳಿಂದ ಗಂಡುಗಳೂ, 31 ಡಿಗ್ರಿ ದಾಟಿದರೆ ಹೆಣ್ಣುಗಳೂ ಹುಟ್ಟುತ್ತವೆ.

ಸ್ಥಳೀಯ ಆಮೆಗಳೊಡನೆ ಇದರ ಪೈಪೋಟಿ ಮೇಲ್ನೋಟಕ್ಕೆ ಜಗಳದಂತೆ ಕಾಣುವುದಿಲ್ಲ. ಆಮೆ ಶೀತರಕ್ತದ ಜೀವಿ. ಉಂಡದ್ದು ಅರಗಬೇಕಾದರೂ ಬಿಸಿಲು ಬೇಕು. ಕೆರೆಯಲ್ಲಿ ಮೈಕಾಯಿಸಲು ಇರುವ ಕಲ್ಲು, ದಿಮ್ಮಿಗಳು ಕೆಲವೇ. ಆ ಜಾಗಗಳನ್ನು ಹೊಸಬ ಹಿಡಿದರೆ ಹಳಬ ನೀರಿನಲ್ಲೇ ಉಳಿಯಬೇಕಾಗುತ್ತದೆ. ಫ್ರಾನ್ಸ್‌ನಲ್ಲಿ ವಿಜ್ಞಾನಿಗಳು ಐರೋಪ್ಯ ಕೊಳದ ಆಮೆಗಳನ್ನೂ ಕೆಂಪುಕಿವಿಯ ಆಮೆಗಳನ್ನೂ ಒಂದೇ ಕೊಳದಲ್ಲಿ ಮೂರು ವರ್ಷ ಇಟ್ಟು ಪರೀಕ್ಷಿಸಿದಾಗ, ಸ್ಥಳೀಯ ಆಮೆಗಳ ತೂಕ ಇಳಿದು ಹೆಚ್ಚಿನ ಸಂಖ್ಯೆಯಲ್ಲಿ ಸತ್ತವು. ನಮ್ಮ ಕೆರೆ ಹೊಳೆಗಳ ಕಪ್ಪು ಆಮೆ ಮೊದಲಾದ ಪ್ರಭೇದಗಳಿಗೂ ಇಂಥದೇ ಸ್ಪರ್ಧೆ ಎದುರಾಗಬಹುದೆಂಬುದು ತಜ್ಞರ ಆತಂಕ.

ಕೇರಳದಲ್ಲಿ 2018ರಲ್ಲಿ ತ್ರಿಶೂರಿನ ಕಾಲತ್ತೋಡಿನಲ್ಲಿ ಈ ಆಮೆ ಸಿಕ್ಕಿತು. ಬಳಿಕ ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯು ಸಾರ್ವಜನಿಕರಿಂದ ಇಂಥ ಆಮೆಗಳನ್ನು ಸಂಗ್ರಹಿಸಲು ಮುಂದಾಯಿತು. ಅಸ್ಸಾಮಿನ ದೀಪೋರ್ ಬೀಲ್ ಮತ್ತು ಮಿಜೋರಾಂನಲ್ಲೂ ಇದು ಕಂಡುಬಂದಿದೆ. ಬೆಂಗಳೂರಿನ ಕೆರೆಗಳಿಂದಲೂ ವರದಿಗಳಿವೆ.

ಅದೇ ಅಂಗಡಿಯ, ಅದೇ ಗಾಜಿನ ತೊಟ್ಟಿಯ ಇನ್ನೊಂದು ಜೀವಿಯ ಕಥೆಯೂ ಭಿನ್ನವಲ್ಲ. ಪಾಚಿ ತಿನ್ನಲೆಂದು ಸಾಕುವ 'ಟ್ಯಾಂಕ್ ಕ್ಲೀನರ್' ಮೀನು ದಕ್ಷಿಣ ಅಮೆರಿಕದ್ದು. ಕೇರಳ, ತಮಿಳುನಾಡು ಮತ್ತು ಕೋಲ್ಕತ್ತದ ಜಲಾಶಯಗಳನ್ನು ಸೇರಿರುವ ಅದು ದಂಡೆಯಲ್ಲಿ ಬಿಲ ಕೊರೆಯುತ್ತದೆ. ಅದರ ಮುಳ್ಳುಗಳಿಗೆ ಸಿಕ್ಕಿ ಬೆಸ್ತರ ಬಲೆ ಹರಿಯುತ್ತದೆ.

ಕಾನೂನು ಏನೆನ್ನುತ್ತದೆ?

ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದೇ ಕಾಯ್ದೆಯು ದೀರ್ಘಕಾಲ ವಿದೇಶಿ ಆಮೆಯ ಬಗ್ಗೆ ಮೌನವಾಗಿತ್ತು. ಸ್ಥಳೀಯ ಆಮೆ ಸಿಗದ ಗ್ರಾಹಕನಿಗೆ ಅಮೆರಿಕದ ಆಮೆ ದೊರೆಯಲು ಈ ಮೌನವೂ ಒಂದು ಕಾರಣ. 2022ರ ತಿದ್ದುಪಡಿಯ 62ಎ ಕಲಮು, ವನ್ಯಜೀವಿಗಳಿಗೆ ಕಂಟಕವಾಗುವ ಅನ್ಯದೇಶೀಯ ಪ್ರಭೇದಗಳ ಆಮದು, ಮಾರಾಟ ಮತ್ತು ಸಾಕಣೆಯನ್ನು ಅಧಿಸೂಚನೆಯ ಮೂಲಕ ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ. ಇದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಜಪಾನ್ ಈ ವಿಷಯದಲ್ಲಿ ವ್ಯವಹಾರಜ್ಞಾನ ತೋರಿತು. ಸಾಕುವುದನ್ನೇ ನಿಷೇಧಿಸಿದರೆ ಜನರು ಭಯದಿಂದ ಆಮೆಗಳನ್ನು ರಾತ್ರೋರಾತ್ರಿ ಹೊಳೆಗೆ ಬಿಟ್ಟಾರೆಂಬ ಅರಿವು ಅಲ್ಲಿನ ಆಡಳಿತಕ್ಕಿತ್ತು. ಹೀಗಾಗಿ 2023ರ ಜೂನ್ 1ರಿಂದ ಮಾರುವುದನ್ನೂ ಹೊರಗೆ ಬಿಡುವುದನ್ನೂ ನಿಷೇಧಿಸಿ, ಮನೆಯಲ್ಲಿರುವ ಆಮೆಯನ್ನು ಅನುಮತಿಯಿಲ್ಲದೆ ಸಾಕಲು ಅವಕಾಶ ಕೊಟ್ಟಿತು.

ಕೆರೆಯಲ್ಲಿ ಇಂಥ ಆಮೆ ಕಂಡರೆ ಹಿಡಿಯಹೋಗುವ ಬದಲು ಛಾಯಾಚಿತ್ರ ತೆಗೆದು ಅರಣ್ಯ ಇಲಾಖೆಗೆ ತಿಳಿಸುವುದು ಕ್ಷೇಮ. ವಯಸ್ಸಾದಂತೆ ಕೆಲವು ಆಮೆಗಳ ಕೆಂಪು ಪಟ್ಟಿ ಮಾಸಿ ಮೈ ಕಪ್ಪಾಗುತ್ತದೆ. ಆಗ ಅದನ್ನು ನಮ್ಮ ಕಪ್ಪು ಆಮೆಯಿಂದ ಬೇರ್ಪಡಿಸಿ ಗುರುತಿಸುವುದು ಹೊಸಬರಿಗೆ ಸುಲಭವಲ್ಲ. ಕಪ್ಪು ಆಮೆಯನ್ನು ಹಿಡಿಯುವುದು ಕಾನೂನಿನ ಪ್ರಕಾರ ಅಪರಾಧ.