ಹಳಿ, ಮಗ್ಗ, ಅಣೆಕಟ್ಟು: ಬಾಗಲಕೋಟೆ ಸೀಮೆಯ ಲೆಕ್ಕಾಚಾರ

ವಿದೇಶಿ ಬಂಡವಾಳ ಎಂದರೆ 1991ರ ಉದಾರೀಕರಣದ ನಂತರ ಬಂದದ್ದು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳ ಸೀಮೆಗೆ ಅದು ಕಾಲಿಟ್ಟು ನೂರನಲವತ್ತು ವರ್ಷಗಳಾದವು. ಬಂದದ್ದು ಬರಗಾಲದ ಬೆನ್ನಿಗೆ.

1876-78ರ ಕ್ಷಾಮ ಈ ಭಾಗವನ್ನು ಹಿಂಡಿಹಾಕಿತು. ಇಂದಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಬಹುಭಾಗ ಆಗ ಕಲಾದಗಿ ಜಿಲ್ಲೆಯಾಗಿತ್ತು. 1872ರಲ್ಲಿ ಎಂಟು ಲಕ್ಷ ಮೀರಿದ್ದ ಅದರ ಜನಸಂಖ್ಯೆ 1881ರ ಹೊತ್ತಿಗೆ ಆರೂವರೆ ಲಕ್ಷಕ್ಕಿಂತ ಕೆಳಗಿಳಿದಿತ್ತು. ಬೇರೆಡೆ ಧಾನ್ಯವಿದ್ದರೂ ತರುವುದು ಹೇಗೆ? ಬಂಡಿ ಎಳೆಯುವ ಎತ್ತುಗಳಿಗೇ ಮೇವು, ನೀರು ಇರಲಿಲ್ಲ.

ಇದಕ್ಕೆ ರೈಲೇ ಮದ್ದು ಎಂದು ಸರ್ಕಾರ ತೀರ್ಮಾನಿಸಿತು. 1882ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕದಲ್ಲೇ ಹೊಟಗಿ-ಗದಗ ಮೀಟರ್ ಗೇಜ್ ಮಾರ್ಗವನ್ನು ಹಾಕಿತು. ಷೇರುದಾರರ ಬಡ್ಡಿಗೆ ಸರ್ಕಾರದ ಖಾತರಿಯಿತ್ತು. ಲಾಭ ಸಾಲದಿದ್ದರೆ ಕೊರತೆ ತುಂಬಬೇಕಾದದ್ದು ಇಲ್ಲಿನ ತೆರಿಗೆಯ ಹಣವೇ. ಬಂಡವಾಳ ಹೊರಗಿನದು, ನಷ್ಟದ ಭಯ ಮಾತ್ರ ಒಳಗಿನದು!

ರೈಲು ಊರುಗಳ ಹಣೆಬರಹವನ್ನೂ ಬದಲಿಸಿತು. ಮಾರ್ಗದ ಮೇಲಿದ್ದ ಬಾಗಲಕೋಟೆ, ಬಾದಾಮಿಗಳಿಗೆ ದೂರದ ಮಾರುಕಟ್ಟೆಗಳು ಹತ್ತಿರವಾದವು. ಮಾರ್ಗದಿಂದ ಹೊರಗುಳಿದ ಕಲಾದಗಿ 1885ರಲ್ಲಿ ಜಿಲ್ಲಾ ಕೇಂದ್ರದ ಸ್ಥಾನವನ್ನೂ ಕಳೆದುಕೊಂಡಿತು. ಕಚೇರಿಗಳು ವಿಜಯಪುರಕ್ಕೆ ಹೋದವು. ಇನ್ನೊಂದು ಮಾತು: ಧಾನ್ಯ ತರುವ ಹಳಿಯೇ, ಹೊರಗೆ ಬೆಲೆ ಹೆಚ್ಚಿದ್ದರೆ, ಧಾನ್ಯವನ್ನು ಒಯ್ಯುತ್ತದೆ ಕೂಡ.

ಹುನಗುಂದ, ಇಳಕಲ್‌ಗಳೂ ಆ ಹಳಿಯಿಂದ ದೂರವೇ ಉಳಿದು ರಸ್ತೆಯನ್ನು ನಂಬಿದವು. ಗಿರಣಿಯ ನೂಲು, ಕೃತಕ ರೇಷ್ಮೆ ಹೊರಗಿನಿಂದ ಬಂದರೂ ಇಳಕಲ್ ನೇಕಾರರು ತಮ್ಮ ಕೌಶಲವನ್ನು ಬಿಡಲಿಲ್ಲ. ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಸಿದ್ಧಪಡಿಸಿ, ಎಳೆ ಎಳೆಯನ್ನೂ ಕೊಂಡಿಯಿಂದ ಕೂಡಿಸುವ ವಿಧಾನ ಅವರದು. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು. ವಿದ್ಯುತ್ ಮಗ್ಗಗಳು ಬಂದ ಮೇಲೆ ಕೈಮಗ್ಗಗಳ ಸಂಖ್ಯೆ ಇಳಿದಿದೆ. ಸೀರೆ ಅಗ್ಗವಾಯಿತು, ಆದರೆ ಈ ಕೌಶಲಕ್ಕೆ ಸಿಗುವ ಕೂಲಿಯ ಪ್ರಶ್ನೆ ಹಾಗೇ ಉಳಿಯಿತು.

ಹೊರಗಿನ ಹಣದ ಎರಡನೆಯ ಅಧ್ಯಾಯ ಕೃಷ್ಣೆಯದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕ್ 1978 ಮತ್ತು 1989ರಲ್ಲಿ ನೆರವು ಮಂಜೂರು ಮಾಡಿತು. ಇದು ಹೂಡಿಕೆಯಲ್ಲ, ತೀರಿಸಬೇಕಾದ ಸಾಲ. ಆಲಮಟ್ಟಿಯಲ್ಲಿ 290 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ಬಂತು. ನಾರಾಯಣಪುರದ ಕಾಲುವೆಗಳು ಕೆಳಗಿನ ಜಿಲ್ಲೆಗಳ ಹೊಲಗಳಿಗೆ ನೀರು ಒಯ್ದವು. ಹಿನ್ನೀರು ನಿಂತದ್ದು ಮಾತ್ರ ಬಾಗಲಕೋಟೆಯಲ್ಲಿ. ಹಳೆಯ ಊರಿನ ಓಣಿಗಳು ಮುಳುಗಿದವು, ಜನ ನವನಗರಕ್ಕೆ ಎದ್ದು ಹೋದರು. ಪುನರ್ವಸತಿ ಹಿಂದೆ ಬಿತ್ತೆಂದು 1990ರ ದಶಕದಲ್ಲಿ ಬ್ಯಾಂಕು ಹಣ ಬಿಡುಗಡೆಯನ್ನೇ ತಡೆಹಿಡಿದದ್ದುಂಟು.

ದಾರಿ, ವಿದ್ಯುತ್ತು, ಯಂತ್ರ, ಬಂಡವಾಳ ಇಲ್ಲದೆ ಅಭಿವೃದ್ಧಿಯಿಲ್ಲ ಎಂಬುದು ನಿಜ. ಆದರೆ ಅವುಗಳ ಫಲವೂ ಭಾರವೂ ಒಂದೇ ಊರಿನ ಪಾಲಿಗೆ ಬರುವುದಿಲ್ಲ ಎಂಬುದನ್ನು ಈ ನಾಲ್ಕು ಊರುಗಳ ಚರಿತ್ರೆ ತೋರಿಸುತ್ತದೆ. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಅನುಮತಿಸಿತು. ಅದರಿಂದ ಮುಳುಗುವ ಭೂಮಿಯ ಪರಿಹಾರ ಅಂದಾಜು ಪಟ್ಟಿಯ ಕೊನೆಯ ಸಾಲಲ್ಲ, ಮೊದಲ ಸಾಲಾಗಬೇಕು.