ಹುಬ್ಬಳ್ಳಿ ಕಿಮ್ಸ್: ಕೊರೊನಾ ಕಾಲದ ಆರೋಗ್ಯ ಸೇವೆ

ಉತ್ತರ ಕರ್ನಾಟಕದ ಬಡ ಹಾಗೂ ಮಧ್ಯಮ ವರ್ಗದ ರೋಗಿಗಳ ಪಾಲಿಗೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಕರ್ನಾಟಕ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಕಿಮ್ಸ್, ಬಹುಕಾಲದಿಂದ ಕೊನೆಯ ಭರವಸೆಯ ತಾಣವಾಗಿದೆ. 2020 ಮತ್ತು 2021ರಲ್ಲಿ ಕೋವಿಡ್-19 ಸೋಂಕು ವ್ಯಾಪಿಸಿದಾಗ ಈ ಸರ್ಕಾರಿ ಆಸ್ಪತ್ರೆ ಚಿಕಿತ್ಸೆ, ಪರೀಕ್ಷೆ, ಲಸಿಕೆ ಮತ್ತು ಜನಜಾಗೃತಿಯ ಹೊಣೆಯನ್ನು ಏಕಕಾಲಕ್ಕೆ ಹೊರಬೇಕಾಯಿತು.

ಹಿನ್ನೆಲೆ

1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಎಂಬ ಹೆಸರಿನಲ್ಲಿ ಆರಂಭಗೊಂಡ ಈ ಸಂಸ್ಥೆ 1990ರ ದಶಕದಲ್ಲಿ ಸ್ವಾಯತ್ತ ಸ್ಥಾನ ಪಡೆದು ಕಿಮ್ಸ್ ಎನಿಸಿತು. ಇತ್ತೀಚಿನ ವರ್ಷಗಳಲ್ಲಿ ಅದರ ಹೆಸರು ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆ ಎಂದು ಬದಲಾಗಿದೆ. ಆದರೂ ಜನರ ಬಾಯಲ್ಲಿ ಅದು ಇಂದಿಗೂ ಕಿಮ್ಸ್. ಧಾರವಾಡ ಜಿಲ್ಲೆಯಷ್ಟೇ ಅಲ್ಲದೆ ಗದಗ, ಹಾವೇರಿ, ಉತ್ತರ ಕನ್ನಡ, ಕೊಪ್ಪಳ, ಬಾಗಲಕೋಟೆ ಜಿಲ್ಲೆಗಳ ರೋಗಿಗಳೂ ಇಲ್ಲಿಗೆ ಬರುತ್ತಾರೆ.

ಮಹಾಮಾರಿ ಹುಬ್ಬಳ್ಳಿಗೆ ಹೊಸತಲ್ಲ. 19ನೇ ಶತಮಾನದ ಕೊನೆಯಲ್ಲಿ ಪ್ಲೇಗ್ ಈ ಊರನ್ನು ಕಂಗೆಡಿಸಿತ್ತು. ವಿಜ್ಞಾನಿ ವಾಲ್ಡೆಮರ್ ಹಾಫ್‌ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತನ್ನ ಮೇಲೆಯೇ ಪ್ರಯೋಗಿಸಿಕೊಂಡ ಪ್ಲೇಗ್ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯ ಬಹುಪಾಲು ನಿವಾಸಿಗಳಿಗೆ ಹಾಕಲಾಯಿತು. ಅಷ್ಟು ದೊಡ್ಡ ಪ್ರಮಾಣದಲ್ಲಿ ನಡೆದ ಆರಂಭಿಕ ಲಸಿಕಾ ಕಾರ್ಯಗಳಲ್ಲಿ ಅದೂ ಒಂದು.

ಮೊದಲ ಅಲೆ

ಧಾರವಾಡ ಜಿಲ್ಲೆಯ ಮೊದಲ ಪ್ರಕರಣ 2020ರ ಮಾರ್ಚ್‌ನಲ್ಲಿ ವಿದೇಶದಿಂದ ಮರಳಿದವರೊಬ್ಬರಲ್ಲಿ ಪತ್ತೆಯಾಯಿತು. ಅದರ ಬೆನ್ನಲ್ಲೇ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ಆರಂಭದಲ್ಲಿ ಗಂಟಲು ದ್ರವದ ಮಾದರಿಗಳನ್ನು ದೂರದ ಊರುಗಳ ಪ್ರಯೋಗಾಲಯಗಳಿಗೆ ಕಳುಹಿಸಿ ವರದಿಗಾಗಿ ಕಾಯಬೇಕಿತ್ತು. ಕಿಮ್ಸ್‌ನಲ್ಲಿಯೇ ಪ್ರಯೋಗಾಲಯ ಕಾರ್ಯಾರಂಭ ಮಾಡಿದ ಮೇಲೆ ಸೋಂಕಿತರನ್ನು ಬೇಗ ಗುರುತಿಸಿ ಅವರ ಸಂಪರ್ಕಕ್ಕೆ ಬಂದವರನ್ನು ಪ್ರತ್ಯೇಕಿಸುವುದು ಸುಲಭವಾಯಿತು.

ಹೆರಿಗೆ, ಅಪಘಾತ, ಡಯಾಲಿಸಿಸ್ ಯಾವುದೂ ಕೊರೊನಾಕ್ಕಾಗಿ ಕಾಯುವಂತಿರಲಿಲ್ಲ. ಒಂದೇ ಆವರಣದಲ್ಲಿ ಸೋಂಕಿತರನ್ನೂ ಉಳಿದ ರೋಗಿಗಳನ್ನೂ ಬೇರೆ ಬೇರೆಯಾಗಿ ಉಪಚರಿಸುವುದೇ ಆಡಳಿತದ ದೊಡ್ಡ ಸವಾಲಾಗಿತ್ತು. ಆ ಅವಧಿಯಲ್ಲಿ ಡಾ. ರಾಮಲಿಂಗಪ್ಪ ಅಂಟರತಾನಿ ಸಂಸ್ಥೆಯ ನಿರ್ದೇಶಕರಾಗಿದ್ದರು.

ಪ್ಲಾಸ್ಮಾ: ಭರವಸೆ ಮತ್ತು ವಾಸ್ತವ

2020ರ ಮೇ ತಿಂಗಳಲ್ಲಿ ಕಿಮ್ಸ್ ರಾಜ್ಯದ ಗಮನ ಸೆಳೆಯಿತು. ಗುಣಮುಖರಾದವರೊಬ್ಬರ ರಕ್ತದಿಂದ ಪಡೆದ ಪ್ಲಾಸ್ಮಾವನ್ನು ಗಂಭೀರ ಸ್ಥಿತಿಯಲ್ಲಿದ್ದ ರೋಗಿಗೆ ನೀಡಿ, ಅವರು ಚೇತರಿಸಿಕೊಂಡರೆಂದು ಪ್ರಕಟಿಸಲಾಯಿತು. ರಾಜ್ಯದಲ್ಲಿ ಯಶಸ್ವಿಯಾದ ಮೊದಲ ಪ್ಲಾಸ್ಮಾ ಚಿಕಿತ್ಸೆ ಎಂದು ಇದು ಸುದ್ದಿಯಾಯಿತು.

ಆದರೆ ಒಬ್ಬ ರೋಗಿ ಗುಣವಾಗುವುದು ಬೇರೆ, ಚಿಕಿತ್ಸೆಯಿಂದಲೇ ಗುಣವಾದರೆಂದು ಸಾಬೀತಾಗುವುದು ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಹಲವು ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಪ್ಲಾಸ್ಮಾ ನೀಡಿದ್ದರಿಂದ ಸಾವಾಗಲೀ ರೋಗ ಉಲ್ಬಣಿಸುವುದಾಗಲೀ ಕಡಿಮೆಯಾಗಲಿಲ್ಲ ಎಂಬುದು ತಿಳಿದುಬಂದಿತು. ಅದರ ಫಲಿತಾಂಶ 2020ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. 2021ರ ಮೇ ತಿಂಗಳಲ್ಲಿ ಪ್ಲಾಸ್ಮಾವನ್ನು ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಿಂದ ಕೈಬಿಡಲಾಯಿತು. ಆ ನಡುವಿನ ತಿಂಗಳುಗಳಲ್ಲಿ ದೇಶದ ಅನೇಕ ನಗರಗಳಲ್ಲಿ ರೋಗಿಗಳ ಬಂಧುಗಳು ಪ್ಲಾಸ್ಮಾ ದಾನಿಗಳಿಗಾಗಿ ಊರೆಲ್ಲ ಅಲೆದಿದ್ದರು.

ಆಸ್ಪತ್ರೆಯ ಗೋಡೆಯಾಚೆ

ರೋಗ ತಡೆಯುವ ಕೆಲಸ ಹೆಚ್ಚಾಗಿ ನಡೆದದ್ದು ಓಣಿಗಳಲ್ಲಿ. ಹುಬ್ಬಳ್ಳಿಯ ಬೆಂಗೇರಿಯಂಥ ಬಡಾವಣೆಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ನೇಕಾರಿಕೆ, ಸಣ್ಣ ವ್ಯಾಪಾರ, ಕೂಲಿಯನ್ನು ನಂಬಿದ ಕುಟುಂಬಗಳಿಗೆ ಮನೆಯಲ್ಲೇ ಉಳಿಯುವುದೆಂದರೆ ದುಡಿಮೆ ಬಿಡುವುದೆಂದೇ ಅರ್ಥ. ಬಿಐಎಸ್ ಮಾನ್ಯತೆ ಪಡೆದ ರಾಷ್ಟ್ರಧ್ವಜಗಳನ್ನು ತಯಾರಿಸುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಬೆಂಗೇರಿಯಲ್ಲಿಯೇ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. 2020ರಲ್ಲಿ ಶಾಲೆಗಳು ಮುಚ್ಚಿ, ಸ್ವಾತಂತ್ರ್ಯ ದಿನಾಚರಣೆ ಸರಳಗೊಂಡಾಗ ಧ್ವಜಗಳ ಬೇಡಿಕೆ ಕುಸಿಯಿತು.

ಇಂಥ ಬಡಾವಣೆಗಳಲ್ಲಿ ಮನೆಮನೆಗೆ ತೆರಳಿ ಜ್ವರ, ಕೆಮ್ಮು ವಿಚಾರಿಸುವ, ವೃದ್ಧರನ್ನೂ ಮಧುಮೇಹಿಗಳನ್ನೂ ಗುರುತಿಸುವ ಕೆಲಸ ಆಶಾ ಕಾರ್ಯಕರ್ತೆಯರು ಮತ್ತು ಆರೋಗ್ಯ ಸಹಾಯಕಿಯರ ಪಾಲಿಗೆ ಬಂದಿತು. ಸೋಂಕಿತರ ಮನೆಯತ್ತ ಅಕ್ಕಪಕ್ಕದವರು ಸಂಶಯದಿಂದ ನೋಡುತ್ತಿದ್ದ ಕಾಲವದು. ಪರೀಕ್ಷೆಗೆ ಹೆದರಿ ಲಕ್ಷಣ ಮುಚ್ಚಿಡುವವರ ಮನವೊಲಿಸುವುದು ಔಷಧ ಕೊಡುವುದಕ್ಕಿಂತ ಕಷ್ಟವಾಗಿತ್ತು. ಇಷ್ಟು ದುಡಿದ ಆಶಾ ಕಾರ್ಯಕರ್ತೆಯರು ಮಾಸಿಕ 12 ಸಾವಿರ ರೂಪಾಯಿ ಗೌರವಧನ ಹಾಗೂ ಸುರಕ್ಷಾ ಸಾಧನಗಳಿಗಾಗಿ 2020ರ ಜುಲೈನಲ್ಲಿ ರಾಜ್ಯಾದ್ಯಂತ ಮುಷ್ಕರ ಹೂಡಬೇಕಾಯಿತು.

ಎರಡನೇ ಅಲೆ

2021ರ ಏಪ್ರಿಲ್ ಮತ್ತು ಮೇ ತಿಂಗಳುಗಳು ಮೊದಲ ಅಲೆಗಿಂತ ಭೀಕರವಾಗಿದ್ದವು. ಹಾಸಿಗೆಗಿಂತ ಆಮ್ಲಜನಕದ ಚಿಂತೆ ದೊಡ್ಡದಾಯಿತು. ಮೇ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಸಂಭವಿಸಿದ ದುರಂತ ರಾಜ್ಯದ ಎಲ್ಲ ಆಸ್ಪತ್ರೆಗಳನ್ನೂ ಎಚ್ಚರಿಸಿತು. ದ್ರವರೂಪದ 1 ಲೀಟರ್ ಆಮ್ಲಜನಕ ಅನಿಲವಾದಾಗ 800 ಲೀಟರಿಗೂ ಹೆಚ್ಚಾಗುತ್ತದೆ. ಆದ್ದರಿಂದ ದೊಡ್ಡ ಆಸ್ಪತ್ರೆಗೆ ಸಿಲಿಂಡರಿಗಿಂತ ದ್ರವ ಆಮ್ಲಜನಕದ ಟ್ಯಾಂಕ್ ಮುಖ್ಯ. ಆ ದಿನಗಳಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ರಾಜ್ಯದ ಆಸ್ಪತ್ರೆಗಳಿಗೆ ದ್ರವ ಆಮ್ಲಜನಕ ಪೂರೈಕೆಯಾಯಿತು.

ಕೊರೊನಾದಿಂದ ಚೇತರಿಸಿಕೊಂಡವರನ್ನು ಕಪ್ಪು ಶಿಲೀಂಧ್ರ ರೋಗ ಕಾಡತೊಡಗಿದಾಗ, ಅದರ ಚಿಕಿತ್ಸೆಗೆ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಕಿಮ್ಸ್ ಸಹ ಒಂದಾಗಿತ್ತು. ನಿಯಂತ್ರಣ ತಪ್ಪಿದ ಮಧುಮೇಹ ಮತ್ತು ಸ್ಟಿರಾಯ್ಡ್ ಬಳಕೆ ಈ ರೋಗಕ್ಕೆ ದಾರಿ ಮಾಡಿಕೊಡುತ್ತವೆ. ಕಿವಿ-ಮೂಗು-ಗಂಟಲು, ನೇತ್ರ ಮತ್ತು ದಂತ ತಜ್ಞರು ಒಟ್ಟಾಗಿ ಚಿಕಿತ್ಸೆ ನೀಡಬೇಕಿತ್ತು. ಆಂಫೊಟೆರಿಸಿನ್-ಬಿ ಚುಚ್ಚುಮದ್ದಿನ ಕೊರತೆ ರಾಜ್ಯವ್ಯಾಪಿಯಾಗಿತ್ತು.

ಲಸಿಕೆ ಮತ್ತು ಪಾಠ

2021ರ ಜನವರಿ 16ರಂದು ಲಸಿಕಾ ಅಭಿಯಾನ ಆರಂಭಗೊಂಡಿತು. ಮೊದಲು ಆರೋಗ್ಯ ಸಿಬ್ಬಂದಿಗೆ, ಮಾರ್ಚ್‌ನಿಂದ ಹಿರಿಯ ನಾಗರಿಕರಿಗೆ, ಅನಂತರ ಉಳಿದವರಿಗೆ ಲಸಿಕೆ ದೊರೆಯಿತು. ಲಸಿಕೆ ಪಡೆದ ಮೇಲೂ ಎಚ್ಚರಿಕೆ ಅಗತ್ಯ ಎಂಬುದನ್ನು ಅದೇ ವರ್ಷದ ನವೆಂಬರ್‌ನಲ್ಲಿ ಧಾರವಾಡ ಸಮೀಪದ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ 280ಕ್ಕೂ ಹೆಚ್ಚು ಮಂದಿಗೆ ತಗುಲಿದ ಸೋಂಕು ನೆನಪಿಸಿತು. ಅವರಲ್ಲಿ ಬಹುತೇಕರು ಲಸಿಕೆ ಪಡೆದಿದ್ದರು, ಹೆಚ್ಚಿನವರಿಗೆ ತೀವ್ರ ಲಕ್ಷಣಗಳಿರಲಿಲ್ಲ.

ಹಲವು ಜಿಲ್ಲೆಗಳ ಭಾರವನ್ನು ಒಂದೇ ಆಸ್ಪತ್ರೆಯ ಮೇಲೆ ಹೊರಿಸುವುದು ಎಷ್ಟು ಅಪಾಯಕಾರಿ ಎಂಬುದು ಈ 2 ವರ್ಷಗಳಲ್ಲಿ ಮನದಟ್ಟಾಯಿತು. ತಾಲ್ಲೂಕು ಆಸ್ಪತ್ರೆಗಳು ಮತ್ತು ನಗರದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಲಗೊಂಡಾಗ ಮಾತ್ರ ಕಿಮ್ಸ್‌ನ ಬಾಗಿಲಿಗೆ ಬರುವ ರೋಗಿ ಸಕಾಲದಲ್ಲಿ ಬರಲು ಸಾಧ್ಯ. ಮುಂದಿನ ಮಹಾಮಾರಿಗೆ ಮುನ್ನ ಆಗಬೇಕಾದ ಕೆಲಸವೂ ಅದೇ ಆಗಿದೆ.