ಗುಂಡಿನ ಗಾತ್ರ, ಗಾಯಗೊಂಡ ಹುಲಿ

ಹಳೆಯ ಬಂಗಲೆಗಳ ಗೋಡೆಯ ಮೇಲೆ ಹುಲಿಯ ತಲೆಯನ್ನೋ ಕಾಟಿಯ ಕೊಂಬನ್ನೋ ಕಂಡಾಗ ಹೊಡೆದವರ ಧೈರ್ಯದ ಮಾತು ಬರುತ್ತದೆ. ಹೊಡೆದ ಕೋವಿಯ ಮಾತು ಬರುವುದು ಕಡಿಮೆ. ಬ್ರಿಟಿಷರ ಕಾಲದ ಶಿಕಾರಿಗಳಿಗಾದರೋ ಅದೇ ಮುಖ್ಯ ಚರ್ಚೆಯಾಗಿತ್ತು: ಯಾವ ಪ್ರಾಣಿಗೆ, ಎಷ್ಟು ದೂರದಿಂದ, ಯಾವ ಗಾತ್ರದ ಗುಂಡು?

ಕೋವಿಯ ನಳಿಗೆಯ ಒಳ ಅಳತೆಯೇ ಕ್ಯಾಲಿಬರ್. ಬ್ರಿಟಿಷರು ಇದನ್ನು ಅಂಗುಲದಲ್ಲಿ ಹೇಳುತ್ತಿದ್ದರು. .450 ಎಂದರೆ ಸುಮಾರು 11.4 ಮಿಲಿಮೀಟರ್; .275 ಎಂದರೆ ಸುಮಾರು 7 ಮಿಲಿಮೀಟರ್.

19ನೇ ಶತಮಾನದ ಬಹುಭಾಗ ಕಪ್ಪು ಮದ್ದಿನದೇ ಕಾರುಬಾರು. ಗುಂಡನ್ನು ಹೆಚ್ಚು ವೇಗವಾಗಿ ತಳ್ಳುವ ಶಕ್ತಿ ಅದಕ್ಕಿರಲಿಲ್ಲ. ಹಾಗಾಗಿ ಆನೆಯಂಥ ಪ್ರಾಣಿಗೆ ಗುಂಡನ್ನೇ ದಪ್ಪಗೆ ಮಾಡಬೇಕಿತ್ತು. ಹೊಗೆ ಕಡಿಮೆಯಿರುವ ಕಾರ್ಡೈಟ್ ಮದ್ದು ಬಂದ ಮೇಲೆ ಲೆಕ್ಕ ಬದಲಾಯಿತು. 1898ರ ಸುಮಾರಿಗೆ ಇಂಗ್ಲೆಂಡಿನ ರಿಗ್ಬಿ ಕಂಪನಿ ತಂದ .450 ತೋಟಾದ ಗುಂಡಿನ ತೂಕ ಬರೀ 31 ಗ್ರಾಂ. ವೇಗ ಮಾತ್ರ ಸೆಕೆಂಡಿಗೆ 2,100 ಅಡಿಗೂ ಹೆಚ್ಚು.

ಅದಕ್ಕೆ ಭಾರತದಲ್ಲಿ ಅಡ್ಡಬಂದದ್ದು ಸರ್ಕಾರ. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳೂ .450 ಅಳತೆಯವೇ. ಬೇಟೆಗೆಂದು ತರಿಸಿದ ಗುಂಡು ಬಂಡುಕೋರರ ಕೈಸೇರಿ ಆ ಬಂದೂಕುಗಳಿಗೆ ಒದಗೀತೆಂಬ ಭಯದಿಂದ, 20ನೇ ಶತಮಾನದ ಮೊದಲ ದಶಕದಲ್ಲಿ .450 ಆಮದನ್ನು ನಿಷೇಧಿಸಲಾಯಿತು. ಕೋವಿ ತಯಾರಕರು ಕೈಕಟ್ಟಿ ಕೂರಲಿಲ್ಲ. ಅಳತೆಯನ್ನು ಕೊಂಚವೇ ಹಿಗ್ಗಿಸಿ .465, .470, .475 ಎಂದು ಹೊಸ ತೋಟಾಗಳನ್ನು ಮಾರುಕಟ್ಟೆಗೆ ಬಿಟ್ಟರು!

ನುಗ್ಗಿಬರುವ ಆನೆ, ಕಾಟಿಗಳನ್ನು ಹತ್ತಿರದಲ್ಲಿ ತಡೆಯಲು ಇಂಥ ಭಾರಿ ಜೋಡಿ ನಳಿಗೆಯ ಕೋವಿಗಳು ಸರಿ. ಆದರೆ ದೂರ ಹೆಚ್ಚಿದಂತೆ ಗುಂಡು ಕೆಳಗಿಳಿಯುತ್ತದೆ. ಕಣಿವೆಯ ಆಚೆ ಬದಿಯ ಪ್ರಾಣಿಗೆ ಹಗುರವಾಗಿ, ನೇರವಾಗಿ ಹಾರುವ ಸಣ್ಣ ಗುಂಡೇ ಲೇಸು. ಕುಮಾವೂನ್ ಬೆಟ್ಟಗಳ ಜಿಮ್ ಕಾರ್ಬೆಟ್ ಇವೆರಡನ್ನೂ ಬಳಸಿದರು: ಹತ್ತಿರಕ್ಕೆ .450/400 ಜೋಡಿ ನಳಿಗೆ, ದೂರಕ್ಕೆ .275 ರಿಗ್ಬಿ. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ದಕ್ಷಿಣದ ಕುರುಚಲು ಕಾಡುಗಳಿಗೆ ನೆಚ್ಚಿಕೊಂಡದ್ದು .405 ವಿಂಚೆಸ್ಟರ್.

ಆಯ್ಕೆಯೋ ಗುರಿಯೋ ತಪ್ಪಿದರೆ ಏನಾಗುತ್ತದೆ? 1907ರಲ್ಲಿ ಕಾರ್ಬೆಟ್ ಚಂಪಾವತದ ಹೆಣ್ಣುಹುಲಿಯನ್ನು ಕೊಂದರು. ಅವರ ಲೆಕ್ಕದಂತೆ ಅದು 436 ಜನರನ್ನು ಬಲಿ ತೆಗೆದುಕೊಂಡಿತ್ತು. ಅದರ ಬಾಯಿ ತೆರೆದು ನೋಡಿದಾಗ ಬಲಬದಿಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಯಾರದೋ ಹಳೆಯ ಗುಂಡೇಟಿನ ಗುರುತು! ಸಹಜ ಬೇಟೆಯಾಡಲಾಗದೆ ಹುಲಿ ಮನುಷ್ಯರತ್ತ ತಿರುಗಿತೆಂದು ಕಾರ್ಬೆಟ್ ಬರೆದರು. ಈ ಬೇಟೆಗೆ ಮೆಚ್ಚುಗೆಯಾಗಿ ಸಂಯುಕ್ತ ಪ್ರಾಂತ್ಯಗಳ ಲೆಫ್ಟಿನೆಂಟ್ ಗವರ್ನರ್ ಜಾನ್ ಹೆವೆಟ್ ಕೊಟ್ಟ ಉಡುಗೊರೆಯೇ ಆ .275 ರಿಗ್ಬಿ. ಗುಂಡು ಹಾರಿಸಿದವನು ಮನೆಗೆ ಹೋದ. ಬೆಲೆ ತೆತ್ತವರು ಹುಲ್ಲಿಗೆ, ಸೌದೆಗೆ ಕಾಡಿಗೆ ಹೋದ ಹಳ್ಳಿಯ ಹೆಂಗಸರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಶಿಕಾರಿಗಳ ಚರ್ಚೆಗೆ ತೆರೆಬಿತ್ತು. ಆ ವರ್ಷದ ಎಣಿಕೆಯಲ್ಲಿ ದೇಶದಲ್ಲಿ ಸಿಕ್ಕ ಹುಲಿಗಳು ಸುಮಾರು 1,800 ಮಾತ್ರ. ಇಂದು ಊರಿಗೆ ಬಂದ ಹುಲಿಯತ್ತ ಅರಣ್ಯ ಸಿಬ್ಬಂದಿ ಎತ್ತುವುದು ಅರಿವಳಿಕೆ ಚುಚ್ಚುಮದ್ದಿನ ಕೋವಿ. ಅದಕ್ಕೂ ದೂರ ಅಳೆಯಬೇಕು, ಪ್ರಾಣಿಯ ತೂಕ ಅಂದಾಜಿಸಿ ಮದ್ದು ತುಂಬಬೇಕು. ಲೆಕ್ಕ ತಪ್ಪಿದರೆ ಸಂಕಟ ಈಗಲೂ ಹುಲಿಗೆ, ಜೊತೆಗೆ ಸುತ್ತಲ ಹಳ್ಳಿಯವರಿಗೆ.